ಅಳತೆಗೆ ತಕ್ಕ ಹೆಣಿಗೆ

ಹೆಣಿಗೆಯೆಂದರೆ ಬಿಡುವಿನ ವೇಳೆಯನ್ನು ಕಳೆಯುವ ಒಂದು ಉಪಾಯವೆಂದೂ, ಬಾಲಿಕೆಯರ ಪಾಠಶಾಲೆಯ ವೇಳಾಪಟ್ಟಿಯಲ್ಲಿ ಅದಕ್ಕೊಂದು ಗಂಟೆಯನ್ನು ಕೊಡುವುದು ಹಳೆಯ ಕಾಲದ ಉಳಿಕೆಯೆಂದೂ ಭಾವಿಸುವವರು ಇಂದು ಬಹುಮಂದಿ ಇದ್ದಾರೆ. ಎಸ್.ಎಸ್.ಎಲ್.ಸಿ. ಪರೀಕ್ಷೆಯು ಹತ್ತಿರ ಬಂದಂತೆಲ್ಲ ಈ ಗಂಟೆಯನ್ನು ಗಣಿತಕ್ಕೋ ವಿಜ್ಞಾನಕ್ಕೋ ಬಿಟ್ಟುಕೊಡಬೇಕೆಂಬ ಬೇಡಿಕೆಯು ತಂದೆತಾಯಿಗಳಿಂದಲೂ, ಕೆಲವು ವೇಳೆ ಉಪಾಧ್ಯಾಯಿನಿಯರಿಂದಲೂ ಕೇಳಿಬರುವುದುಂಟು. ಅವರ ಕಳವಳವು ನ್ಯಾಯವಾದುದೇ. ಆದರೂ ಈ ಗಂಟೆಯನ್ನು ಉಳಿಸಿಕೊಳ್ಳತಕ್ಕದ್ದೆಂದೂ, ಅದರಲ್ಲಿ ಕಲಿಸತಕ್ಕ ಮುಖ್ಯ ವಿಷಯವು ಹೂಬಳ್ಳಿಗಳ ಚಿತ್ತಾರವಲ್ಲ, ಅಳತೆಯೆಂದೂ ನಮ್ಮ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಈ ಸಂಚಿಕೆಯ ವಾಚಕರ ಮುಂದಿಡಲು ಅಪ್ಪಣೆಯನ್ನು ಬೇಡುತ್ತೇವೆ.

ನಮ್ಮ ವಿದ್ಯಾರ್ಥಿನಿಯರ ಊರುಗಳಿರುವ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಸೀಮೆಗಳು ಬಟ್ಟೆಯ ವಿದ್ಯೆಯನ್ನು ಅರಿಯದ ಸೀಮೆಗಳಲ್ಲ. ಮೇಲುಕೋಟೆಯ ಮಗ್ಗದ ಪಂಚೆಯನ್ನು ಕೇಳದವರು ಯಾರು? ಕೊಡಿಯಾಲದ ನೇಕಾರರ ಸೀರೆಗಳೂ ಹೊಸಹೊಳಲಿನ ಮಗ್ಗಗಳೂ ಇದೇ ನಾಲ್ಕು ತಾಲೂಕುಗಳೊಳಗಿನವು. ಆದರೆ ಇವೆಲ್ಲವೂ ನೇಯ್ಗೆ, ಹೆಣಿಗೆಯಲ್ಲ. ಎರಡು ಕಡ್ಡಿಗಳ ಹೆಣಿಗೆಯು ದಕ್ಷಿಣ ದೇಶಕ್ಕೆ ಬಹುಮಟ್ಟಿಗೆ ಯೂರೋಪಿಯನ್ನರೊಡನೆ ಬಂದುದು. ಮಿಷನ್ ಪಾಠಶಾಲೆಗಳು ಓದುಬರಹಗಳ ಜೊತೆಯಲ್ಲಿಯೇ ಸೂಜಿಯ ಕೆಲಸವನ್ನೂ ಕಲಿಸಿದವು. ೧೮೨೦ರ ದಶಕದಲ್ಲಿ ನಾಗರಕೋಯಿಲಿನಲ್ಲಿ ಲಂಡನ್ ಮಿಷನ್ನಿಗೆ ಸೇರಿದ ಮಾರ್ಥಾ ಮಾಲ್ಟ್ ಅವರು ಬಾಲಿಕೆಯರಿಗೆ ಲೇಸಿನ ಕೆಲಸವನ್ನು ಕಲಿಸಿದುದು ಪ್ರಸಿದ್ಧವಾಗಿದೆ. ಕನ್ನಡ ನಾಡಿನಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನವರೂ ಮೈಸೂರು ಸೀಮೆಯ ವೆಸ್ಲಿಯನ್ ಮಿಷನ್ನಿನವರೂ ನಡೆಸಿದ ಶಾಲೆಗಳಲ್ಲಿ ಸೂಜಿಯ ಕೆಲಸಕ್ಕೆ ಸ್ಥಾನವಿದ್ದಿತು. ನಾವು ಇಂದು ಕಲಿಸುವುದು ಆ ಪರಂಪರೆಯ ಮುಂದುವರಿಕೆಯೇ.

ನೇಯ್ಗೆಗೂ ಹೆಣಿಗೆಗೂ ಇರುವ ಭೇದವನ್ನು ಮೊದಲು ತಿಳಿಯುವುದೊಳ್ಳೆಯದು. ನೇಯ್ಗೆಯಲ್ಲಿ ಹಾಸು, ಹೊಕ್ಕು ಎಂಬ ನೂಲುಗಳು ನೇರವಾಗಿ ಒಂದನ್ನೊಂದು ದಾಟುತ್ತವೆ. ಆದಕಾರಣ ಬಟ್ಟೆಯು ಹಿಗ್ಗುವುದು ಅಲ್ಪ. ದರ್ಜಿಯು ಅದನ್ನು ಕತ್ತರಿಸಿ, ಮಡಿಸಿ, ಹೊಲಿದು ಮೈಗೆ ಹೊಂದಿಸಬೇಕು. ಹೆಣಿಗೆಯಲ್ಲಾದರೋ ಒಂದೇ ನೂಲು ಕುಣಿಕೆ ಕುಣಿಕೆಯಾಗಿ ಸಾಗುತ್ತದೆ. ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಕುಗ್ಗುತ್ತದೆ. ಇಲ್ಲಿ ಬಟ್ಟೆಯೂ ಅಂಗಿಯ ಆಕಾರವೂ ಕಡ್ಡಿಯ ಮೇಲೆ ಒಟ್ಟಿಗೆ ಹುಟ್ಟುತ್ತವೆ. ಒಂದು ಕುಣಿಕೆಯನ್ನು ಕೂಡಿಸಿದರೆ ಅಗಲವಾಗುತ್ತದೆ, ಎರಡನ್ನು ಸೇರಿಸಿ ಒಂದು ಮಾಡಿದರೆ ಕಿರಿದಾಗುತ್ತದೆ. ಹೀಗಿರುವಲ್ಲಿ ಕೈಯಿಂದ ಹೆಣೆದ ಉಡುಪು ಮೈಗೆ ಒಪ್ಪದೆ ಹೋದರೆ ಹೆಣಿಗೆಯ ಮುಖ್ಯ ಗುಣವೇ ವ್ಯರ್ಥವಾದಂತಾಯಿತು.

ನಮ್ಮ ಸೀಮೆಯಲ್ಲಿ ಸ್ವೆಟರಿನ ಅಗತ್ಯವಾದರೂ ಏನೆಂದು ಕೆಲವರು ಕೇಳಬಹುದು. ಮಾರ್ಗಶಿರ ಪುಷ್ಯ ಮಾಸಗಳ ಬೆಳಗಿನ ಜಾವದಲ್ಲಿ ನಾಲೆಯ ಬಯಲುಗಳ ಮೇಲೆ ಮಂಜು ಕವಿದಿರುವಾಗ ಹಾಲಿನ ಕ್ಯಾನನ್ನು ಡೈರಿಗೆ ಒಯ್ಯುವ ತಾಯಂದಿರನ್ನೂ, ಮೊದಲನೆಯ ಬಸ್ಸಿಗೆ ಕಾದು ನಿಂತ ಬಾಲಿಕೆಯರನ್ನೂ ಕಂಡವರು ಹೀಗೆ ಕೇಳಲಾರರು. ಆದರೆ ಅವರು ತೊಟ್ಟಿರುವುದನ್ನು ನೋಡಿರಿ! ಭುಜವು ತೋಳಿನ ಮೇಲೆ ಜಾರಿರುತ್ತದೆ. ತೋಳು ಎರಡು ಮಡಿಕೆಯಾಗಿರುತ್ತದೆ. ಕೆಳಗಿನ ಅಂಚು ಸೀರೆಯ ನೆರಿಗೆಗಳ ಮೇಲೆ ಮುದುಡಿ ನಿಂತಿರುತ್ತದೆ. ಕತ್ತಿನ ಸಂದಿಯಲ್ಲಿ ಚಳಿಯು ಸಲೀಸಾಗಿ ಒಳಹೊಗುತ್ತದೆ. ಅಂಗಿಯು ದೊಡ್ಡದಾದ ಮಾತ್ರಕ್ಕೆ ಬೆಚ್ಚಗಿರುವುದಿಲ್ಲ.

ಈ ತೊಡಕಿಗೆ ಪರಿಹಾರವು ಹೊಸ ಫ್ಯಾಷನ್ನಿಗಿಂತಲೂ ಒಂದು ಹಳೆಯ ಫ್ಯಾಷನ್ನಿನಲ್ಲಿ ದೊರೆಯುತ್ತದೆ. ೧೯೩೦ ಮತ್ತು ೧೯೪೦ರ ದಶಕಗಳ ಇಂಗ್ಲಿಷ್ ಹೆಣಿಗೆಯ ನಮೂನೆಗಳನ್ನು ನೋಡಿದರೆ, ಸೊಂಟದವರೆಗೆ ಮಾತ್ರ ಇಳಿಯುವ ಗಿಡ್ಡ ಮೈ, ಭುಜದ ಮೂಳೆಯ ಬಳಿಯಲ್ಲಿಯೇ ನಿಲ್ಲುವ ಭುಜ, ಮೊಳಕೈವರೆಗಿನ ತೋಳು, ನಡುವನ್ನು ಹಿಡಿದು ನಿಲ್ಲುವ ೩–೪ ಅಂಗುಲದ ರಿಬ್ಬಿನ ಪಟ್ಟಿ, ತೆಳುವಾದ ನೂಲು, ಸಣ್ಣ ಕಡ್ಡಿ, ಇವೇ ಹೆಚ್ಚಾಗಿ ಕಾಣುತ್ತವೆ. ೧೯೪೧ರ ಜೂನ್ ತಿಂಗಳಿಂದ ೧೯೪೯ರವರೆಗೆ ಆ ದೇಶದಲ್ಲಿ ಬಟ್ಟೆಗೆ ಪಡಿತರವಿದ್ದು, ಹೆಣಿಗೆಯ ಉಣ್ಣೆಯೂ ಅದಕ್ಕೆ ಒಳಪಟ್ಟುದರಿಂದ ನೂಲನ್ನು ಉಳಿಸುವ ಈ ಆಕಾರವು ಅಲ್ಲಿನ ಮನೆಗಳಿಗೆ ಅನುಕೂಲವಾಯಿತು. ಈಗ ಲೋಕದ ಅನೇಕ ಕಡೆಗಳಲ್ಲಿ ಹೆಣಿಗೆಯವರು ಆ ನಮೂನೆಗಳನ್ನು ಮತ್ತೆ ಕೈಗೆತ್ತಿಕೊಂಡಿದ್ದಾರೆ. ಅವರಿಗೆ ಅದು ಅಂದಚೆಂದದ ಮಾತಿರಬಹುದು. ನಮಗೆ ಅದು ಉಪಯೋಗದ ಮಾತು. ಸೊಂಟದಲ್ಲಿಯೇ ನಿಲ್ಲುವ ಉಡುಪು ಸೀರೆಗೂ ಲಂಗದಾವಣಿಗೂ ಸಹಜವಾಗಿ ಒಪ್ಪುತ್ತದೆ. ಉತ್ತರ ಹಿಂದೂಸ್ಥಾನದ ಸ್ತ್ರೀಯರು ಚಳಿಗಾಲದಲ್ಲಿ ಸೀರೆಯೊಡನೆ ಹೆಣೆದ ಉಣ್ಣೆಯ ರವಿಕೆಯನ್ನು ತೊಡುವುದೂ ಈ ಕಾರಣದಿಂದಲೇ.

ಆದರೆ ಹಳೆಯ ನಮೂನೆಯನ್ನು ಅಕ್ಷರಶಃ ನಕಲು ಮಾಡುವುದನ್ನು ನಾವು ಒಪ್ಪುವುದಿಲ್ಲ. ಅವು ಬಹುಮಟ್ಟಿಗೆ ಒಂದೆರಡು ಅಳತೆಗಳಿಗೆ ಮಾತ್ರ ಬರೆದವು. ಅಂದಿನ ಎರಡೆಳೆ ಮೂರೆಳೆಯ ನೂಲು ಬೇರೆ, ಇಂದು ಪೇಟೆಯಲ್ಲಿ ಸುಲಭವಾಗಿ ದೊರೆಯುವ ದಪ್ಪ ನೂಲು ಬೇರೆ. ಎಲ್ಲಕ್ಕಿಂತ ಮಿಗಿಲಾಗಿ, ಒಬ್ಬಳ ಕೈಯ ಬಿಗಿ ಇನ್ನೊಬ್ಬಳ ಕೈಗೆ ಬಾರದು. ಆದಕಾರಣ ಉಡುಪನ್ನು ಆರಂಭಿಸುವುದಕ್ಕೆ ಮುಂಚೆ ೪ ಅಂಗುಲದ ಚೌಕವೊಂದನ್ನು ಹೆಣೆದು, ಒಗೆದು, ಒಣಗಿಸಿ, ಅಂಗುಲಕ್ಕೆ ಎಷ್ಟು ಕುಣಿಕೆಗಳಿವೆಯೆಂದು ಎಣಿಸಬೇಕು. ಬಾಲಿಕೆಯರು ಬೇಸರಪಡುವುದು ಈ ಚೌಕಕ್ಕೇ. ಅದರ ಬೆಲೆಯನ್ನು ಒಂದು ಲೆಕ್ಕವು ತೋರಿಸುತ್ತದೆ. ೧೨ನೆಯ ನಂಬರಿನ, ಎಂದರೆ ೨.೭೫ ಮಿಲಿಮೀಟರ್ ದಪ್ಪದ ಕಡ್ಡಿಗಳಲ್ಲಿ ಅಂಗುಲಕ್ಕೆ ೭ ಕುಣಿಕೆಗಳು ಬಂದರೆ, ಎದೆಯ ಸುತ್ತಳತೆ ೩೨ ಅಂಗುಲವಿರುವ ರವಿಕೆಗೆ ೨೨೪ ಕುಣಿಕೆಗಳು ಬೇಕು. ಕೈ ತುಸು ಸಡಿಲವಾಗಿ ಅಂಗುಲಕ್ಕೆ ಆರೂವರೆ ಮಾತ್ರ ಬಂದಿತೆನ್ನಿ. ಅವೇ ೨೨೪ ಕುಣಿಕೆಗಳು ಸುಮಾರು ಮೂವತ್ತನಾಲ್ಕೂವರೆ ಅಂಗುಲವಾಗಿಬಿಡುತ್ತವೆ. ಅರ್ಧ ಕುಣಿಕೆಯ ಅಲಕ್ಷ್ಯಕ್ಕೆ ಎರಡೂವರೆ ಅಂಗುಲದ ದಂಡ!

ಇದೇ ರವಿಕೆಗೆ ನಡುವಿನ ಸುತ್ತಳತೆಯು ೨೮ ಅಂಗುಲವಿರಲಿ. ಅಲ್ಲಿಗೆ ೧೯೬ ಕುಣಿಕೆಗಳು. ಮುಂಭಾಗವು ನಡುವಿನಲ್ಲಿ ೯೮, ಎದೆಯಲ್ಲಿ ೧೧೨, ಹಿಂಭಾಗವೂ ಹಾಗೆಯೇ. ಪ್ರತಿ ಭಾಗದಲ್ಲಿಯೂ ೧೪ ಕುಣಿಕೆಗಳನ್ನು ಕೂಡಿಸಬೇಕಾಯಿತು. ನಡುವಿನಿಂದ ಕಂಕುಳಿಗೆ ೭ ಅಂಗುಲವಿದ್ದರೆ, ಅಂಗುಲಕ್ಕೊಮ್ಮೆ ಎರಡು ಪಕ್ಕಗಳಲ್ಲಿಯೂ ಒಂದೊಂದು ಕುಣಿಕೆಯನ್ನು ಕೂಡಿಸುತ್ತ ಹೋದರೆ ಲೆಕ್ಕವು ಸರಿಹೋಗುತ್ತದೆ. ಇದು ತ್ರೈರಾಶಿಯಲ್ಲದೆ ಮತ್ತೇನು? ಕಪ್ಪುಹಲಗೆಯ ಮೇಲೆ ಪ್ರಮಾಣದ ಲೆಕ್ಕಕ್ಕೆ ಅಂಜುವ ಬಾಲಿಕೆಯು ತನ್ನ ತಂಗಿಯ ರವಿಕೆಗಾಗಿ ಅದೇ ಲೆಕ್ಕವನ್ನು ಅಂಜದೆ ಮಾಡಬಲ್ಲಳು. ಹೆಣಿಗೆಯ ಗಂಟೆಯನ್ನು ಗಣಿತಕ್ಕೆ ಕೊಡಿರೆನ್ನುವವರಿಗೆ ನಮ್ಮ ಉತ್ತರವೇನೆಂದರೆ, ಅದನ್ನು ಸರಿಯಾಗಿ ಕಲಿಸಿದ ದಿನ ಅದು ಗಣಿತಕ್ಕೆ ಸೇರಿಯೇ ಇರುತ್ತದೆ.

ನೂಲಿನ ವಿಷಯದಲ್ಲಿಯೂ ನಮ್ಮ ನಾಡನ್ನು ನೋಡಿ ನಡೆಯಬೇಕು. ಮಂಡ್ಯದ ಸೀಮೆಯ ಬಂಡೂರು ಕುರಿಯು ಮಾಂಸಕ್ಕೆ ಹೆಸರಾದುದು. ಅದರ ಮೈಮೇಲಿನದು ಒರಟು ಕೂದಲೇ ಹೊರತು ಮೃದುವಾದ ಉಣ್ಣೆಯಲ್ಲ. ಒಳ್ಳೆಯ ಉಣ್ಣೆಯನ್ನು ಹೊರಗಿನಿಂದ ತರಿಸಬೇಕು. ತರಿಸಿದರೂ ನಮ್ಮ ಹಗಲಿನ ಬಿಸಿಲಿಗೆ ಅದು ಭಾರ. ಆದಕಾರಣ ರವಿಕೆಗಳಿಗೂ ಗಿಡ್ಡ ತೋಳಿನ ಮೇಲಂಗಿಗಳಿಗೂ ಹತ್ತಿಯ ನೂಲೇ ಲೇಸು. ಆದರೆ ಹತ್ತಿಯು ಉಣ್ಣೆಯಂತೆ ಹಿಗ್ಗಿ ಕುಗ್ಗುವುದಿಲ್ಲ. ತೊಟ್ಟಂತೆಲ್ಲ ತನ್ನ ಭಾರಕ್ಕೆ ತಾನೇ ಜೋಲುತ್ತದೆ. ಮಾದರಿಯ ಚೌಕವನ್ನು ಒಗೆದು ತೂಗುಹಾಕಿದ ಮೇಲೆಯೇ ಅಳೆಯಬೇಕೆಂಬುದೂ, ರಿಬ್ಬಿಗೆ ಇನ್ನೂ ಸಣ್ಣ ಕಡ್ಡಿಯನ್ನು ಹಿಡಿಯಬೇಕೆಂಬುದೂ, ಉದ್ದವನ್ನು ತುಸು ಕಡಿಮೆಯಾಗಿಯೇ ಇಡಬೇಕೆಂಬುದೂ ಇದರಿಂದಲೇ.

ಇನ್ನು ನಮ್ಮ ಮನಸ್ಸಿಗೆ ಬಹಳ ಹತ್ತಿರವಾದ ಮಾತು. ಬೆಳೆಯುವ ಹುಡುಗಿಗೆ ಎರಡು ವರುಷ ಬರಲೆಂದು ದೊಡ್ಡ ಉಡುಪನ್ನೇ ಕೊಡುವುದು ನಮ್ಮ ಮನೆಗಳ ರೂಢಿ. ಅದರ ಹಿಂದಿನ ಮಿತವ್ಯಯವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಮೊದಲನೆಯ ವರುಷ ದೊಡ್ಡದು, ಎರಡನೆಯ ವರುಷ ಹರಿದದ್ದು. ಅದು ಅವಳಿಗೆ ಸರಿಹೊಂದಿದ ದಿನವೇ ಇಲ್ಲ. ಧರ್ಮಾರ್ಥವಾಗಿ ಬಡ ವಿದ್ಯಾರ್ಥಿನಿಯರಿಗೆ ಹಂಚುವ ಉಡುಪುಗಳಲ್ಲಂತೂ ಒಂದೇ ಅಳತೆಯನ್ನು ಐವತ್ತು ಮಂದಿಗೆ ತೊಡಿಸುವುದುಂಟು. ದಾನಿಗಳ ಸದುದ್ದೇಶವನ್ನು ನಾವು ಶಂಕಿಸುವುದಿಲ್ಲ. ಆದರೆ ತೋಳಿನೊಳಗೆ ಬೆರಳುಗಳನ್ನು ಅಡಗಿಸಿಕೊಂಡು, ತರಗತಿಯಲ್ಲಿ ಎದ್ದು ನಿಲ್ಲಲು ಹಿಂಜರಿಯುವ ಹುಡುಗಿಯು ಆ ಉಡುಪಿನಿಂದ ಒಂದು ಪಾಠವನ್ನು ಕಲಿಯುತ್ತಾಳೆ: ತನ್ನನ್ನು ಯಾರೂ ಅಳೆದು ನೋಡಲಿಲ್ಲವೆಂಬುದೇ ಆ ಪಾಠ. ನಾವು ಬೋಧಿಸುವ ಯಾವ ಪಾಠವೂ ಇದನ್ನು ಸುಲಭವಾಗಿ ಅಳಿಸಲಾರದು.

ಕೈಹೆಣಿಗೆಯಲ್ಲಿ ಇದಕ್ಕೆ ಉಪಾಯವುಂಟು. ಮೈಯನ್ನೂ ತೋಳನ್ನೂ ಮೇಲಿನಿಂದ ಕೆಳಕ್ಕೆ ಹೆಣೆದರೆ, ಹುಡುಗಿಯು ಬೆಳೆದಾಗ ಅಂಚನ್ನು ಬಿಚ್ಚಿ ಎರಡು ಅಂಗುಲ ಮುಂದುವರಿಸಬಹುದು. ಅದೂ ಸಾಲದಾದಾಗ ಇಡೀ ಉಡುಪನ್ನು ಬಿಚ್ಚಿ, ನೂಲನ್ನು ಲಡಿಯಾಗಿ ಸುತ್ತಿ, ಒಗೆದು, ಸುಕ್ಕು ಬಿಡಿಸಿ, ಮತ್ತೆ ಹೆಣೆಯಬಹುದು. ಯುದ್ಧಕಾಲದ ಇಂಗ್ಲೆಂಡಿನ ಗೃಹಿಣಿಯರು ಮಾಡಿದುದೂ ಇದನ್ನೇ. ಮಗುವಿನೊಡನೆ ಬೆಳೆಯುವ ಉಡುಪೇ ನಿಜವಾದ ಮಿತವ್ಯಯ.

ಇದಕ್ಕೆ ಇರುವ ಆಕ್ಷೇಪಣೆಗಳನ್ನು ನಾವು ಮರೆಮಾಚುವುದಿಲ್ಲ. ವಿಲಿಯಂ ಲೀ ಎಂಬಾತನು ೧೫೮೯ರಲ್ಲಿ ಹೆಣಿಗೆಯ ಯಂತ್ರವನ್ನು ಕಂಡುಹಿಡಿದಂದಿನಿಂದಲೂ ವೇಗದಲ್ಲಿ ಕೈ ಸೋತಿದೆ. ಇಂದು ಸಂತೆಯಲ್ಲಿ ದೊರೆಯುವ ಯಂತ್ರದ ಸ್ವೆಟರಿನ ಬೆಲೆಗಿಂತ ಒಳ್ಳೆಯ ನೂಲಿನ ಬೆಲೆಯೇ ಹೆಚ್ಚಾಗುವುದುಂಟು. ಆದಕಾರಣ ಇದನ್ನು ಜೀವನೋಪಾಯವೆಂದು ಹೇಳಿ ಬಾಲಿಕೆಯರಿಗೆ ಆಸೆ ತೋರಿಸುವುದು ತರವಲ್ಲ. ಸೂಜಿಯ ಕೆಲಸವನ್ನು ಹೆಣ್ಣುಮಕ್ಕಳ ಓದಿಗೆ ಬೇಲಿಯಾಗಿ ಬಳಸಿದ ಕಾಲವೊಂದಿತ್ತೆಂಬುದೂ ನಿಜ. ನಾವು ಬೇಡುವುದು ಅದನ್ನಲ್ಲ. ಯೂರೋಪಿನ ಹಳೆಯ ಹೆಣಿಗೆಯ ಸಂಘಗಳಲ್ಲಿ ಕಸುಬುದಾರರು ಗಂಡಸರಾಗಿದ್ದರು. ಇಂದು ತಮ್ಮಂದಿರೂ ಕಲಿಯಲಿ, ನಮ್ಮ ಅಡ್ಡಿಯಿಲ್ಲ. ವಾರಕ್ಕೆ ಒಂದು ಗಂಟೆ, ಎರಡು ಕಡ್ಡಿ, ಒಂದು ಅಳತೆಯ ಟೇಪು: ಕೇಳುವುದು ಇಷ್ಟೆ.

ಸತ್ಯವೇದದಲ್ಲಿ, ಅಪೊಸ್ತಲರ ಕೃತ್ಯಗಳ ೯ನೆಯ ಅಧ್ಯಾಯದಲ್ಲಿ, ಯೊಪ್ಪದ ತಬಿಥಾ ಎಂಬ ದೊರ್ಕಳ ವೃತ್ತಾಂತವನ್ನು ನಮ್ಮ ಮಕ್ಕಳೆಲ್ಲರೂ ಬಲ್ಲರು. ಆಕೆಯು ತೀರಿಕೊಂಡಾಗ ವಿಧವೆಯರು ಅಳುತ್ತ ಬಂದು ತೋರಿಸಿದುದು ಆಕೆಯು ಮಾಡಿಕೊಟ್ಟ ಉಡುಪುಗಳನ್ನು. ಆಕೆಯು ಅವರ ಜೊತೆಯಲ್ಲಿದ್ದಾಗಲೇ ಅವನ್ನು ಮಾಡಿದಳೆಂದು ಅಲ್ಲಿ ತಿಳಿಯುತ್ತದೆ. ಜೊತೆಯಲ್ಲಿದ್ದವಳಿಗೆ ಯಾರ ಭುಜ ಎಷ್ಟು ಅಗಲ, ಯಾರ ತೋಳು ಎಷ್ಟು ಉದ್ದವೆಂಬುದು ತಿಳಿದೇ ಇದ್ದಿರಬೇಕು. ನಮ್ಮ ಶಾಲೆಯಿಂದ ಹೊರಡುವ ಬಾಲಿಕೆಯರು ವೈದ್ಯರಾಗಲಿ, ಉಪಾಧ್ಯಾಯಿನಿಯರಾಗಲಿ, ಹೊಲದ ಒಡತಿಯರಾಗಲಿ, ಇತರರಿಗೆ ಏನನ್ನಾದರೂ ಮಾಡಿಕೊಡುವ ಮುನ್ನ ಅವರನ್ನು ಅಳೆದು ನೋಡುವ ಅಭ್ಯಾಸವನ್ನು ಇಲ್ಲಿಂದ ಕೊಂಡೊಯ್ಯಲಿ. ಅದಕ್ಕಾಗಿ ಈ ಒಂದು ಗಂಟೆಯನ್ನು ನಮಗೆ ಉಳಿಸಿಕೊಡಬೇಕೆಂದು ತಂದೆತಾಯಿಗಳಲ್ಲಿಯೂ ಹಿತೈಷಿಗಳಲ್ಲಿಯೂ ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುತ್ತೇವೆ.