ಕದಲದ ಮನೆಗೆ ಮೂರು ಜಿಲ್ಲೆ
ಹನೂರಿನಲ್ಲಿ ಅಜ್ಜನ ಕಾಲದ ಮನೆಯೊಂದು ಮಾರಾಟಕ್ಕಿದೆ ಎಂದರೆ ಮೊದಲು ಅದರ ಹಳೇ ಪತ್ರಗಳನ್ನು ಸಾವಧಾನವಾಗಿ ಓದಬೇಕು. 1956ರ ನವೆಂಬರ್ 1ಕ್ಕೆ ಹಿಂದಿನ ಕ್ರಯಪತ್ರವಾದರೆ ಊರು ಮದ್ರಾಸ್ ಆಡಳಿತದ ಕೊಯಮತ್ತೂರು ಜಿಲ್ಲೆ, ಕೊಳ್ಳೇಗಾಲ ತಾಲ್ಲೂಕಿಗೆ ಸೇರಿದ್ದು. ಮಕ್ಕಳು ಭಾಗ ಮಾಡಿಕೊಳ್ಳುವ ಹೊತ್ತಿಗೆ ಮೈಸೂರು ಜಿಲ್ಲೆ. 1997ರಿಂದೀಚೆಗೆ ಚಾಮರಾಜನಗರ ಜಿಲ್ಲೆ. ಈಗಂತೂ ಹನೂರೇ ತಾಲ್ಲೂಕು. ಗೋಡೆ ಒಂದಿಂಚೂ ಕದಲದೆ ಮನೆ ಮೂರು ಜಿಲ್ಲೆ ಕಂಡಿದೆ. ಯಳಂದೂರಿನ ದಾರಿಯೇ ಬೇರೆ: 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕ ಆ ಊರು ಮೈಸೂರು ಸಂಸ್ಥಾನದೊಳಗೇ ಇತ್ತು. ಹಾಗಾಗಿ ನೆರೆಯ ಕೊಳ್ಳೇಗಾಲದ ಹಳೇ ಪತ್ರಕ್ಕೂ ಯಳಂದೂರಿನ ಪತ್ರಕ್ಕೂ ಸರ್ಕಾರವೇ ಬೇರೆ. ಆದರೆ ಕೊಳ್ಳುವವರಿಗೆ ಜಿಲ್ಲೆಗಿಂತ ಮುಖ್ಯವಾದದ್ದು ಚಕ್ಕುಬಂದಿ. ಪೂರ್ವಕ್ಕೆ ಓಣಿ, ಪಶ್ಚಿಮಕ್ಕೆ ದಾಯಾದಿಯ ಗೋಡೆ, ಉತ್ತರಕ್ಕೆ ಹಿತ್ತಿಲು, ದಕ್ಷಿಣಕ್ಕೆ ರಸ್ತೆ ಎಂದು ಬರೆದಿರುತ್ತದೆ. ಹೋಗಿ ನೋಡಿದರೆ ಓಣಿ ಕಾಂಕ್ರೀಟ್ ಆಗಿರುತ್ತದೆ, ಹಿತ್ತಿಲಲ್ಲಿ ಎರಡಂತಸ್ತಿನ ಮನೆ ಎದ್ದಿರುತ್ತದೆ. ಋಣಭಾರ ಪ್ರಮಾಣಪತ್ರ ತೆಗೆಸಿದರೆ ಸಾಕು ಎನ್ನುವವರಿದ್ದಾರೆ. ಅದು ಹೇಳುವುದು ನೋಂದಣಿಯಾದ ವ್ಯವಹಾರವನ್ನಷ್ಟೇ. ಬಾಯಿಮಾತಿನ ಪಾಲು, ಪೆಟ್ಟಿಗೆಯಲ್ಲೇ ಉಳಿದ ಉಯಿಲು, ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹಕ್ಕು ಅದರಲ್ಲಿ ಕಾಣುವುದಿಲ್ಲ. ಅಡ್ವಾನ್ಸ್ ಕೊಡುವ ಮುನ್ನ ಪತ್ರ ಹಿಡಿದು ಮನೆಯ ನಾಲ್ಕೂ ದಿಕ್ಕು ಸುತ್ತಿ ಬನ್ನಿ, ಅಕ್ಕಪಕ್ಕದ ಹಿರಿಯರನ್ನು ವಿಚಾರಿಸಿ. ಪಿತ್ರಾರ್ಜಿತ ಮನೆಯಾದರೆ ಹೆಣ್ಣುಮಕ್ಕಳ ಸಹಿಯಿಲ್ಲದೆ ನೋಂದಣಿಗೆ ಹೊರಡಬೇಡಿ.