ಪಾಟಿಗಿಂತ ಮೊದಲಿನ ಪಾಠ

ಅಕ್ಕಂದಿರೆ, ಮೂರು ವರ್ಷದ ಕೂಸು ಅಂಗನವಾಡಿಯಿಂದ ಬಂದ ಕೂಡಲೇ ನಾವು ಕೇಳುವ ಮೊದಲ ಮಾತು, 'ಇವತ್ತ ಏನ ಬರದಿ?' ಬರೆದಿಲ್ಲವೆಂದರೆ 'ಅಲ್ಲಿ ಬರೇ ಆಡಸ್ತಾರ' ಎಂದು ಮೂಗು ಮುರಿಯುತ್ತೇವೆ. ಆದರೆ ಆ ಆಟದಲ್ಲೇ ಪಾಠವಿದೆ. ತನ್ನ ಸರದಿ ಬರುವ ತನಕ ಕಾಯುವುದು, ಗೊಂಬೆ ಹಂಚಿಕೊಳ್ಳುವುದು, ಬಿದ್ದವರನ್ನು ಕೈಹಿಡಿದು ಎಬ್ಬಿಸುವುದು, ಇವು ಪಾಟಿಯ ಮೇಲೆ ಬರುವ ವಿದ್ಯೆಯಲ್ಲ. 'ಯಾರ ಜೋಡಿ ಆಡಿದಿ? ಯಾರರೆ ಅತ್ರೇನ?' ಎಂದೂ ಕೇಳಿ ನೋಡ್ರಿ.

ಅಂಗನವಾಡಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾಯಿತು. ನಮ್ಮ ರಾಜ್ಯದಲ್ಲಿ ಮೊದಲು ಟಿ. ನರಸೀಪುರದಲ್ಲಿ. ಪೂರಕ ಆಹಾರ, ಚುಚ್ಚುಮದ್ದಿನ ಜೊತೆ 3ರಿಂದ 6 ವರ್ಷದವರ ಶಾಲಾಪೂರ್ವ ಶಿಕ್ಷಣವೂ ಅದರಲ್ಲಿ ಸೇರಿದೆ. ತಿಕೋಟಾದ ದ್ರಾಕ್ಷಿ ತೋಟಕ್ಕೋ ಬಬಲೇಶ್ವರದ ಹೊಲಕ್ಕೋ ಬೆಳಗಾದರೆ ಹೋಗುವ ತಾಯಿಗೂ, ವಿಜಯಪುರದ ಓಣಿಯಲ್ಲಿ ಒಂದೇ ಕೂಸನ್ನು ಬೆಳೆಸುವ ತಾಯಿಗೂ ಇದು ಬೇಕು. ಜೊತೆಯ ಮಕ್ಕಳಿಲ್ಲದೆ ಹಂಚಿಕೊಳ್ಳುವುದನ್ನು ಕೂಸು ಎಲ್ಲಿ ಕಲಿಯಬೇಕು?

ಇದರಲ್ಲಿ ಮನೆಯ ಪಾಲೂ ಇದೆ. ಅಳುವ ಕೂಸಿಗೆ 'ಗಂಡಸಾಗಿ ಅಳ್ತಿ ಏನ?', 'ಗುಮ್ಮ ಬರ್ತಾನ ನೋಡ' ಅನ್ನಬ್ಯಾಡ್ರಿ. ಬಾಯಿ ಮುಚ್ಚುತ್ತದೆ, ದುಃಖ ಒಳಗೇ ಉಳಿಯುತ್ತದೆ. ಮಗ್ಗಲಲ್ಲಿ ಕೂಡ್ರಿಸಿಕೊಂಡು 'ಸಿಟ್ಟ ಬಂತೇನ? ಗೊಂಬಿ ಕಸಗೊಂಡ್ರೇನ?' ಎಂದು ಅದರ ಭಾವನೆಗೆ ಒಂದು ಹೆಸರು ಕೊಡಿ. ಹೆಸರು ಗೊತ್ತಾದ ಸಿಟ್ಟನ್ನು ಕೂಸು ಬರಬರುತ್ತ ಕೈಯಿಂದಲ್ಲ, ಬಾಯಿಂದ ಹೇಳಲು ಕಲಿಯುತ್ತದೆ. ಹೊಡೆಯಲು ಕೈ ಎತ್ತಿದರೆ ಮಾತ್ರ ಆ ಕೈ ಹಿಡಿದು ಮೆತ್ತಗೆ ತಡೆಯಿರಿ. ಸಿಟ್ಟಿಗೆ ಒಪ್ಪಿಗೆ ಉಂಟು, ಹೊಡೆತಕ್ಕಿಲ್ಲ. ಈ ನಿಯಮ ನಮ್ಮ ಕೈಗೂ ಸೇರಿದ್ದು ಅಂತ ಮರೀಬ್ಯಾಡ್ರಿ.