ಮೇಲ್ಮನವಿಯ ಎದುರು ನಿಲ್ಲಬೇಕಾದ ಸಾಕ್ಷಿ: ಮಿರ್ಚ್‌ಪುರ ತೀರ್ಪು ಕಲಿಸುವ ಪಾಠ

ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ 2014ರ ಆಗಸ್ಟ್‌ನಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಹಚ್ಚಲಾಯಿತು. ಈ ಪ್ರಕರಣದಲ್ಲಿ ಜಿಲ್ಲಾ ನ್ಯಾಯಾಲಯವು 2024ರ ಅಕ್ಟೋಬರ್‌ನಲ್ಲಿ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಮರುತಿಂಗಳೇ ಹೈಕೋರ್ಟಿನ ಧಾರವಾಡ ಪೀಠವು ಶಿಕ್ಷೆಯನ್ನು ಅಮಾನತಿನಲ್ಲಿರಿಸಿ 97 ಮಂದಿಗೆ ಜಾಮೀನು ನೀಡಿತು. ‘ಎಲ್ಲವೂ ಮುಗಿಯಿತು’ ಎಂದು ಒಂದು ಕಡೆಯವರು ನಿಟ್ಟುಸಿರಿಟ್ಟರೆ, ‘ನಾವು ಗೆದ್ದೆವು’ ಎಂದು ಮತ್ತೊಂದು ಕಡೆಯವರು ಬೀಗಿದರು. ಎರಡೂ ಆತುರದ ಮಾತುಗಳೇ. ಜಾಮೀನು ಎಂದರೆ ಖುಲಾಸೆಯಲ್ಲ. ಮೇಲ್ಮನವಿ ಎಂದರೆ ಪಾರಾಗುವ ಹಿತ್ತಿಲ ಬಾಗಿಲೂ ಅಲ್ಲ. ಇದನ್ನು ತಿಳಿಯಲು ಹರಿಯಾಣದ ಮಿರ್ಚ್‌ಪುರ ಪ್ರಕರಣವನ್ನು ನೋಡಬೇಕು.

ಹಿಸಾರ್ ಜಿಲ್ಲೆಯ ಮಿರ್ಚ್‌ಪುರದಲ್ಲಿ 2010ರ ಏಪ್ರಿಲ್‌ನಲ್ಲಿ ನಾಯಿ ಬೊಗಳಿದ ನೆಪದಿಂದ ಜಗಳವೊಂದು ಹುಟ್ಟಿತು. ಏಪ್ರಿಲ್ 21ರಂದು ಪ್ರಬಲ ಜಾಟ್ ಸಮುದಾಯದ ಗುಂಪು ವಾಲ್ಮೀಕಿ ದಲಿತರ ಕೇರಿಗೆ ನುಗ್ಗಿ ಮನೆಗಳನ್ನು ಸುಟ್ಟಿತು. ಎಪ್ಪತ್ತು ವರ್ಷದ ವೃದ್ಧರೊಬ್ಬರೂ ನಡೆದಾಡಲಾಗದ ಅವರ ಮಗಳೂ ಬೆಂಕಿಗೆ ಆಹುತಿಯಾದರು. ಇನ್ನೂರೈವತ್ತಕ್ಕೂ ಹೆಚ್ಚು ಕುಟುಂಬಗಳು ಊರು ತೊರೆದವು. ಸುಪ್ರೀಂ ಕೋರ್ಟು ವಿಚಾರಣೆಯನ್ನು ದೆಹಲಿಗೆ ವರ್ಗಾಯಿಸಿತು.

2011ರಲ್ಲಿ ವಿಚಾರಣಾ ನ್ಯಾಯಾಲಯವು 97 ಆರೋಪಿಗಳಲ್ಲಿ 82 ಮಂದಿಯನ್ನು ಬಿಡುಗಡೆ ಮಾಡಿ, 15 ಮಂದಿಯನ್ನು ಮಾತ್ರ ತಪ್ಪಿತಸ್ಥರೆಂದಿತು. ನಡೆದದ್ದು ಪೂರ್ವಯೋಜಿತ ಕೃತ್ಯವಲ್ಲ, ಹಠಾತ್ತಾಗಿ ಭುಗಿಲೆದ್ದ ಸಿಟ್ಟು ಎಂಬುದು ಅದರ ನಿಲುವು. ಆದ್ದರಿಂದ ಆ ಎರಡು ಸಾವುಗಳನ್ನು ಅದು ಕೊಲೆಯೆಂದು ಪರಿಗಣಿಸಲಿಲ್ಲ.

ಶಿಕ್ಷೆಗೊಳಗಾದವರು ದೆಹಲಿ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಿದರು. ಸರ್ಕಾರವೂ ಸಂತ್ರಸ್ತರೂ ಸುಮ್ಮನಿರಲಿಲ್ಲ. ಬಿಡುಗಡೆಯ ವಿರುದ್ಧ ಅವರೂ ಮೇಲ್ಮನವಿ ಹೂಡಿದರು. 2018ರ ಆಗಸ್ಟ್ 24ರಂದು ನ್ಯಾಯಮೂರ್ತಿ ಎಸ್. ಮುರಳೀಧರ್ ಮತ್ತು ನ್ಯಾಯಮೂರ್ತಿ ಐ.ಎಸ್. ಮೆಹ್ತಾ ಅವರ ಪೀಠವು ಕೆಳ ನ್ಯಾಯಾಲಯದಿಂದ ಬಿಡುಗಡೆಯಾಗಿದ್ದ 20 ಮಂದಿಯನ್ನು ತಪ್ಪಿತಸ್ಥರೆಂದು ಸಾರಿತು. ಒಟ್ಟು 33 ಮಂದಿಯ ಅಪರಾಧ ಸಾಬೀತಾಯಿತು; 12 ಮಂದಿಗೆ ಕೊಲೆಯ ಅಪರಾಧಕ್ಕಾಗಿ ಜೀವಾವಧಿ ಶಿಕ್ಷೆಯಾಯಿತು. ವಾಲ್ಮೀಕಿಗಳ ಮನೆಗಳನ್ನೇ ಉದ್ದೇಶಪೂರ್ವಕವಾಗಿ ಗುರಿಯಾಗಿಸಲಾಗಿತ್ತು ಎಂದು ಪೀಠವು ಸ್ಪಷ್ಟಪಡಿಸಿತು. ನಿರಾಶ್ರಿತರ ಪುನರ್ವಸತಿಗೂ ಸರ್ಕಾರಕ್ಕೆ ಆದೇಶಿಸಿತು.

ಇಲ್ಲಿ ಗಮನಿಸಬೇಕಾದದ್ದು ಒಂದೇ. ಎರಡೂ ನ್ಯಾಯಾಲಯಗಳ ಮುಂದಿದ್ದುದು ಅದೇ ಕಡತ, ಅವೇ ಹೇಳಿಕೆಗಳು. ಒಂದು ನ್ಯಾಯಾಲಯವು ಅಲ್ಲಿ ಜಗಳವನ್ನು ಕಂಡಿತು. ಮತ್ತೊಂದು ಜಾತಿಯನ್ನು ಕಂಡಿತು. ಮೇಲ್ಮನವಿಯು ಶಿಕ್ಷೆಗೊಳಗಾದವನ ಹಕ್ಕು. ನಿರಪರಾಧಿಯೊಬ್ಬ ಸಿಲುಕಿದ್ದರೆ ಬಿಡಿಸಬೇಕಾದದ್ದು ಅದೇ. ಆ ಹಕ್ಕನ್ನು ಯಾರೂ ಹಳಿಯಬಾರದು. ಆದರೆ ಅದು ಎರಡು ಅಲಗಿನ ಕತ್ತಿ. ಸತ್ಯವನ್ನು ಮರಳಿ ತೂಗುವಾಗ ತಕ್ಕಡಿ ಯಾವ ಕಡೆಗಾದರೂ ವಾಲಬಹುದು.

ಆದರೆ ತೂಗುವುದಕ್ಕೆ ಏನಾದರೂ ಉಳಿದಿರಬೇಕಲ್ಲವೇ? ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಮಂದಿ ದಲಿತರನ್ನು ಸಜೀವವಾಗಿ ಸುಡಲಾಯಿತು. ಸಾಕ್ಷಿಗಳು ಪ್ರತಿಕೂಲರಾದರು. 2006ರಲ್ಲಿ ಆರೋಪಿಗಳೆಲ್ಲರೂ ಖುಲಾಸೆಯಾದರು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಏಳು ಜೀವಗಳಿಗೆ ಅಪರಾಧಿ ಎಂಬುವನೇ ಇಲ್ಲದಾಯಿತು. ಮೇಲ್ಮನವಿಯ ಪೀಠವು ಇದ್ದ ಸಾಕ್ಷ್ಯವನ್ನು ಹೊಸದಾಗಿ ಓದಬಲ್ಲದು. ಊರಿನ ಭಯವು ನುಂಗಿದ ಮಾತನ್ನು ಮರಳಿ ಹುಟ್ಟಿಸಲಾರದು.

2015ರಲ್ಲಿ ದೌರ್ಜನ್ಯ ತಡೆ ಕಾಯ್ದೆಗೆ ತಿದ್ದುಪಡಿ ತಂದು ಸಂತ್ರಸ್ತರ ಮತ್ತು ಸಾಕ್ಷಿಗಳ ಹಕ್ಕುಗಳಿಗೆ ಪ್ರತ್ಯೇಕ ಅಧ್ಯಾಯವನ್ನೇ ಸೇರಿಸಲಾಯಿತು. ಅವರಿಗೆ ರಕ್ಷಣೆ ಒದಗಿಸುವುದು ಸರ್ಕಾರದ ಹೊಣೆ. ಆದರೆ ಪೊಲೀಸರು ಮರಳಿ ಹೋದ ಮೇಲೆ ಸಾಕ್ಷಿಯು ಬದುಕಬೇಕಾದದ್ದು ಅದೇ ಊರಿನಲ್ಲಿ. ಕೂಲಿಗೆ ಕರೆಯದಿರುವುದು, ಕಿರಾಣಿ ಅಂಗಡಿಯಲ್ಲಿ ಸಾಮಾನು ಕೊಡದಿರುವುದು, ‘ರಾಜಿಯಾಗು’ ಎಂದು ಹಿರಿಯರೇ ಒತ್ತಾಯಿಸುವುದು: ಇಂತಹ ಒತ್ತಡಗಳಿಗೆ ಬಂದೂಕು ಬೇಕಿಲ್ಲ.

ಬಸವಾದಿ ಶರಣರ ಹೆಸರು ಹೇಳುವ ನಮಗೆ ಇದು ಪರರ ಸುದ್ದಿಯಲ್ಲ. ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸರ ಮಗಳಿಗೂ ಕಲ್ಯಾಣದಲ್ಲಿ ವಿವಾಹವಾದಾಗ, ಆ ಇಬ್ಬರು ಶರಣ ತಂದೆಯರಿಗೆ ಎಳೆಹೂಟೆಯ ಶಿಕ್ಷೆಯಾಯಿತೆಂದು ನಮ್ಮ ಪರಂಪರೆ ಸ್ಮರಿಸುತ್ತದೆ. ಆ ಶಿಕ್ಷೆಗೆ ಮೇಲ್ಮನವಿ ಇರಲಿಲ್ಲ. ಇಂದು ಸಂವಿಧಾನವು ಮೇಲ್ಮನವಿಯನ್ನು ಕೊಟ್ಟಿದೆ. ಅದಕ್ಕೆ ಜೀವ ತುಂಬಬೇಕಾದವರು ನಾವು.

ಹಾಗಾದರೆ ನಾವು ಮಾಡಬೇಕಾದ ಕಾಯಕವೇನು? ಕೇರಿಗೆ ಬೆಂಕಿ ಬಿದ್ದ ಊರಿನಲ್ಲಿ ಪ್ರಬಲರ ಸಾಲಿನಲ್ಲಿ ನಮ್ಮವರೂ ನಿಂತಿದ್ದಾರೆಯೇ ಎಂದು ಮೊದಲು ನಮ್ಮನ್ನೇ ಕೇಳಿಕೊಳ್ಳಬೇಕು. ನಿಂತಿದ್ದರೆ, ಅವರ ಪರವಾಗಿ ರಾಜಿ ಮಾಡಿಸಲು ಹೊರಡುವ ಹಿರಿತನವನ್ನು ತ್ಯಜಿಸಬೇಕು. ಸಾಕ್ಷಿ ನುಡಿದವರಿಗೆ ಕೆಲಸ ತಪ್ಪದಂತೆ, ಅವರ ಮಕ್ಕಳ ಓದು ನಿಲ್ಲದಂತೆ ನೋಡಿಕೊಳ್ಳುವುದೇ ಇಂದಿನ ದಾಸೋಹ. ಮಠದ ಅಂಗಳದಲ್ಲಿ ಎಲ್ಲರೂ ಒಂದೇ ಪಂಕ್ತಿಯಲ್ಲಿ ಪ್ರಸಾದ ಸ್ವೀಕರಿಸಿದರೆ ಸಾಲದು. ನ್ಯಾಯಾಲಯದ ಮೆಟ್ಟಿಲನ್ನು ಅಂಜದೆ ಹತ್ತಿದವನು ಸಂಜೆ ಅಂಜದೆ ತನ್ನ ಮನೆಗೆ ಮರಳುವಂತಿರಬೇಕು. ಅಂತಹ ಊರಿನಿಂದ ಬಂದ ಕಡತದಲ್ಲಿ ಮಾತ್ರ ಮೇಲಿನ ನ್ಯಾಯಾಲಯಕ್ಕೆ ಓದಲು ಸತ್ಯವಿರುತ್ತದೆ.